ಪರದೇಶದ ಬಂಕು, ಬಾಡಿಗೆಯ ಕಾರು

ನಮ್ಮವರು ಈಗ ಹೊರದೇಶಕ್ಕೆ ಹೋದರೆ ಟೂರಿನ ಬಸ್ಸಿಗೇ ಅಂಟಿಕೊಂಡು ಕೂರುವುದಿಲ್ಲ. ಆರ್‌ಟಿಒ ಕಚೇರಿಯಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಹೋಗುತ್ತಾರೆ, ವಿಮಾನ ಇಳಿದವರೇ ಬಾಡಿಗೆ ಕಾರು ಹಿಡಿದು ತಾವೇ ಓಡಿಸುತ್ತಾರೆ. ಹೊರಡುವ ಮುಂಚೆ ಒಂದಷ್ಟು ಪಾಠವೂ ಆಗಿರುತ್ತದೆ: ರಸ್ತೆಯ ಬಲಬದಿ ಹಿಡಿಯಬೇಕು, ಸರ್ಕಲ್ಲಿನಲ್ಲಿ ಇಂಥವರಿಗೆ ದಾರಿ ಬಿಡಬೇಕು, ಇಂಥಲ್ಲಿ ಟೋಲ್ ಕಟ್ಟಬೇಕು. ಬಾಡಿಗೆ ಕಂಪನಿಯ ಕೌಂಟರಿನಲ್ಲಿ ವಿಮೆಯ ಬಗ್ಗೆ ಉದ್ದುದ್ದ ಚರ್ಚೆ ನಡೆಯುತ್ತದೆ. ಮಗುವಿನ ಸೀಟು ಬೇಕೇ, ಎರಡನೇ ಡ್ರೈವರ್ ಹೆಸರು ಸೇರಿಸಬೇಕೇ ಎಂಬುದೂ ಇತ್ಯರ್ಥವಾಗುತ್ತದೆ. ಈ ಕಾರು ಏನು ಕುಡಿಯುತ್ತದೆ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಇವತ್ತಿನ ನನ್ನ ಮಾತು ಆ ಪ್ರಶ್ನೆಯ ಬಗ್ಗೆ.

ಅದು ನಮಗೆ ಹೊಳೆಯದೆ ಇರುವುದಕ್ಕೆ ಕಾರಣವಿದೆ. ನಮ್ಮ ಬಂಕುಗಳಲ್ಲಿ ಕಾರಿನಿಂದ ಇಳಿಯುವ ಪ್ರಮೇಯವೇ ಕಡಿಮೆ. ಕಿಟಕಿ ಇಳಿಸಿ "ಫುಲ್ ಟ್ಯಾಂಕ್" ಎಂದರೆ ಮುಗಿಯಿತು. "ಪೆಟ್ರೋಲಾ ಡೀಸೆಲಾ ಸಾರ್" ಎಂದು ಬಂಕಿನವನೇ ಕೇಳುತ್ತಾನೆ, "ಝೀರೋ ನೋಡ್ಕೊಳ್ಳಿ" ಎನ್ನುತ್ತಾನೆ, ಮುಚ್ಚಳ ತಿರುಗಿಸಿ ಕಳಿಸುತ್ತಾನೆ. ತಪ್ಪಾದರೆ ಅವನ ಮೇಲೆ ಹಾರಾಡಲೂಬಹುದು. ಯೂರೋಪಿನ ಬಹುಪಾಲು ಬಂಕುಗಳಲ್ಲಿ ಆ ಮನುಷ್ಯನೇ ಇಲ್ಲ. ನೀವೇ ಇಳಿಯಬೇಕು, ನೀವೇ ಪೈಪು ಎತ್ತಬೇಕು, ತಪ್ಪಿದರೆ ನೀವೇ ಹೊಣೆ. ಬಾಡಿಗೆಯ ಕರಾರು ಪತ್ರವನ್ನು ಪೂರ್ತಿ ಓದಿದವರಿಗೆ ಗೊತ್ತು; ಬಹಳಷ್ಟು ಕಂಪನಿಗಳ ಕರಾರಿನಲ್ಲಿ, ತಪ್ಪು ಇಂಧನ ತುಂಬಿ ಆದ ಹಾನಿಗೆ ವಿಮೆ ಅನ್ವಯಿಸುವುದಿಲ್ಲ ಎಂಬ ಒಂದು ಸಾಲು ಇರುತ್ತದೆ. ಅಷ್ಟು ಚರ್ಚೆ ಮಾಡಿ ಕೊಂಡ ವಿಮೆ ಡಿಕ್ಕಿಗೆ ಬರುತ್ತದೆ, ಗೀರಿಗೆ ಬರುತ್ತದೆ, ಇದಕ್ಕೆ ಬರುವುದಿಲ್ಲ.

ಹಾಗೆ ನೋಡಿದರೆ ಇಂಧನದ ತಲೆನೋವು ಕಾರಿನಷ್ಟೇ ಹಳೆಯದು. 1888ರ ಆಗಸ್ಟ್ ತಿಂಗಳಲ್ಲಿ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ಥಾ ಬೆಂಜ್, ಗಂಡನಿಗೆ ಹೇಳದೆ ಅವರ ಮೋಟಾರು ಗಾಡಿಯನ್ನು ಹೊರಗೆ ತೆಗೆದರು. ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೊರಟೇಬಿಟ್ಟರು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನಡುವೆ ಇಂಧನ ಮುಗಿಯುತ್ತ ಬಂತು, ಬಂಕು ಎಂಬುದು ಆಗಿನ್ನೂ ಹುಟ್ಟಿರಲಿಲ್ಲ. ವೀಸ್ಲೋಖ್ ಎಂಬ ಊರಿನ ಔಷಧದಂಗಡಿಗೆ ಹೋಗಿ ಲಿಗ್ರೊಯಿನ್ ಕೇಳಿದರು. ಕಲೆ ತೆಗೆಯಲು ಬಳಸುತ್ತಿದ್ದ, ಪೆಟ್ರೋಲಿಯಮ್ಮಿನಿಂದ ತೆಗೆದ ತೆಳು ದ್ರವ ಅದು. ಆ ಔಷಧದಂಗಡಿಯನ್ನು ಈಗ ಜಗತ್ತಿನ ಮೊದಲ ಪೆಟ್ರೋಲ್ ಬಂಕು ಎಂದು ಕರೆಯುತ್ತಾರೆ. ಬರ್ಥಾ ಅವರಿಗೆ ತಮ್ಮ ಗಾಡಿಗೆ ಏನು ಬೇಕೆಂಬುದು ಹೆಸರು ಸಮೇತ ಗೊತ್ತಿತ್ತು. ಬಾಡಿಗೆ ಕಾರು ಹಿಡಿದ ನಮಗೆ ಅದರ ಬಣ್ಣವೊಂದು ಗೊತ್ತಿರುತ್ತದೆ, ಪಾರ್ಕಿಂಗಿನಲ್ಲಿ ಹುಡುಕಬೇಕಲ್ಲ.

ಈಗ ಮೈಸೂರಿನ ಒಂದು ಸಂಸಾರ ಇಟಲಿಯಲ್ಲಿ ಸುತ್ತುತ್ತಿದೆ ಎಂದು ಕಲ್ಪಿಸಿಕೊಳ್ಳಿ. ಫ್ಲಾರೆನ್ಸಿನಿಂದ ಸಿಯೆನಾಕ್ಕೆ ಹೋಗುವ ದಾರಿ. ಕೈಯಲ್ಲಿರುವುದು ಪೆಟ್ರೋಲಿನ ಪುಟ್ಟ ಕಾರು. ಮೀಟರಿನ ಮುಳ್ಳು ಕೆಳಗಿಳಿದಿದೆ. ಸ್ಟಿಯರಿಂಗ್ ಹಿಡಿದವರು ಭಾವ. ಪಕ್ಕದಲ್ಲಿ, ಬಹುಕಾಲ ಕ್ಯಾಲಿಫೋರ್ನಿಯದಲ್ಲಿದ್ದು ಬಂದ ಭಾಮೈದ. ಬಂಕಿಗೆ ಬಂದರೆ ಪಂಪಿನ ಮೇಲೆ ಎರಡು ಹೆಸರು: ಬೆಂಜೀನಾ, ಗಾಸೋಲಿಯೊ.

"ಭಾವ, ಗಾಸೋಲಿಯೊ ಹಾಕಿ. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸ್ ಅಂತಾನೇ ಅನ್ನೋದು. ಬೆಂಜೀನಾ ಅಂದ್ರೆ ಯಾವ್ದೋ ಕೆಮಿಕಲ್ ಇರ್ಬೇಕು."

"ಅಲ್ಲ ಕಣೋ, ಪೈಪಿನ ಮೂತಿ ಒಳಗೇ ಹೋಗ್ತಿಲ್ವಲ್ಲ!"

"ಸ್ವಲ್ಪ ಒತ್ತಿ ನೋಡಿ ಭಾವ."

ಭಾವ ಒತ್ತದೆ ಇರಲಿ. ಇಟಲಿಯಲ್ಲಿ ಗಾಸೋಲಿಯೊ ಎಂದರೆ ಡೀಸೆಲ್, ಬೆಂಜೀನಾ ಎಂದರೆ ಪೆಟ್ರೋಲ್. ಭಾಮೈದನ ತರ್ಕದಲ್ಲಿ ದೋಷವಿಲ್ಲ, ಅದು ಸಲ್ಲುವ ದೇಶ ಬೇರೆ. ಸ್ಪೇನಿಗೆ ಹೋದರೆ ಪೆಟ್ರೋಲು ಗಸೋಲಿನಾ, ಡೀಸೆಲ್ಲು ಗಸೋಲಿಯೊ. ಅವಸರದಲ್ಲಿದ್ದವರ ಕಣ್ಣಿಗೆ ಎರಡೂ ಒಂದೇ. ಫ್ರಾನ್ಸಿನಲ್ಲಿ ಗಜೋಲ್ ಎಂದು ಕಂಡರೆ ಅದು ಡೀಸೆಲ್. ಪೆಟ್ರೋಲಿಗೆ ಅವರು ಎಸಾನ್ಸ್ ಎನ್ನುತ್ತಾರೆ, ಪಂಪಿನ ಮೇಲೆ ಮಾತ್ರ ಸೀಸವಿಲ್ಲದ್ದು ಎಂಬರ್ಥದ ಸಾನ್ ಪ್ಲೋಂ ಎಂದು ಬರೆದಿರುತ್ತಾರೆ. ಗ್ರೀಸಿನದು ಎಲ್ಲಕ್ಕಿಂತ ಮೋಸದ ಹೆಸರು: ಅಲ್ಲಿ ಪೆಟ್ರೆಲಿಯೊ ಎಂದರೆ ಡೀಸೆಲ್. ನಮ್ಮ ಕಿವಿಗೆ ಅದು ಪೆಟ್ರೋಲ್ ಅಲ್ಲದೆ ಇನ್ನೇನು? ಚೆಕ್ ದೇಶದಲ್ಲಿ ನಾಫ್ತಾ ಎಂದರೆ ಡೀಸೆಲ್ ಕೊಡುತ್ತಾರೆ, ಅರ್ಜೆಂಟೀನಾದಲ್ಲಿ ನಾಫ್ತಾ ಎಂದರೆ ಪೆಟ್ರೋಲ್ ಕೊಡುತ್ತಾರೆ. ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಎಂದು ನಾನು ಹೇಳುತ್ತಿಲ್ಲ. ಹೆಸರು ಕೇಳಿ ಊಹಿಸಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಹೆಸರು ಬೇಡ, ಬಣ್ಣ ನೋಡೋಣ ಎನ್ನುತ್ತೀರೇನೋ. ಬ್ರಿಟನ್ನಿನಲ್ಲಿ, ಯೂರೋಪಿನ ಅನೇಕ ಕಡೆ ಪೆಟ್ರೋಲಿನ ಪೈಪಿನ ಹಿಡಿಗೆ ಹಸಿರು, ಡೀಸೆಲ್ಲಿಗೆ ಕಪ್ಪು. ಅಮೆರಿಕದಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು, ಹಸಿರು ಹಿಡಿ ಎಂದರೆ ಡೀಸೆಲ್. ಆದರೆ ಬಿಪಿ ಕಂಪನಿಯ ಬಂಕಿಗೆ ಹೋದರೆ ಅಮೆರಿಕದಲ್ಲೂ ಪೆಟ್ರೋಲಿಗೆ ಹಸಿರು, ಅದು ಅವರ ಕಂಪನಿಯ ಬಣ್ಣ. ಲಂಡನ್ನಿನಲ್ಲಿ ರೂಢಿಯಾದ ಕಣ್ಣು ಡೆನ್ವರಿನಲ್ಲಿ ಕೈ ಕೊಡುತ್ತದೆ.

ಬಣ್ಣವನ್ನು ನಂಬಬಹುದಾದ ದೇಶವೊಂದಿದೆ, ಜಪಾನ್. ಅಲ್ಲಿ ಸೆಲ್ಫ್ ಸರ್ವಿಸ್ ಬಂಕುಗಳ ಬಣ್ಣಗಳನ್ನು ಸರ್ಕಾರದ ನಿಯಮವೇ ಗೊತ್ತುಮಾಡಿದೆ: ಮಾಮೂಲಿ ಪೆಟ್ರೋಲಿಗೆ ಕೆಂಪು, ಹೆಚ್ಚು ಆಕ್ಟೇನಿನ ಪೆಟ್ರೋಲಿಗೆ ಹಳದಿ, ಡೀಸೆಲ್ಲಿಗೆ ಹಸಿರು. ಹಾಗಿದ್ದೂ ಅಲ್ಲಿ ಜಪಾನೀಯರೇ ಎಡವುವ ಒಂದು ಗುಂಡಿ ಇದೆ. ಹಳದಿ ನಂಬರ್ ಪ್ಲೇಟಿನ, 660 ಸಿಸಿ ಮೀರದ ಎಂಜಿನ್ನಿನ ಪುಟ್ಟ ಕಾರುಗಳಿಗೆ ಅಲ್ಲಿ ಕೇ ಕಾರು ಎನ್ನುತ್ತಾರೆ, ಅಂದರೆ ಹಗುರ ಕಾರು. ಡೀಸೆಲ್ಲಿಗೆ ಅವರ ಹೆಸರು ಕೇಯು, ಹಗುರ ಎಣ್ಣೆ. ಎರಡಕ್ಕೂ ಮೊದಲ ಅಕ್ಷರ ಒಂದೇ. ಹಗುರ ಕಾರಿಗೆ ಹಗುರ ಎಣ್ಣೆ ಸರಿ ತಾನೇ ಎಂದುಕೊಂಡು, ಪೆಟ್ರೋಲಿನ ಕೇ ಕಾರಿಗೆ ಡೀಸೆಲ್ ತುಂಬಿಸುವವರು ಇದ್ದಾರೆ. ಓದಲು ಬರುವ ಊರಿನವರಿಗೇ ಹೀಗಾದರೆ, ಓದಲು ಬಾರದ ನಾವು ಕೆಂಪು ಹಿಡಿಯನ್ನೇ ಗಟ್ಟಿಯಾಗಿ ಹಿಡಿಯುವುದು ಕ್ಷೇಮ. ಬಾಡಿಗೆಗೆ ಸಿಗುವ ಸಣ್ಣ ಕಾರುಗಳು ಹೆಚ್ಚಾಗಿ ಕೆಂಪಿನವೇ. ಆದರೂ ಕೀಲಿ ಕೈಗೆ ಕೊಡುವಾಗ ಒಮ್ಮೆ ಕೇಳಿಬಿಡಿ.

ಸರಿ, ಅದಲುಬದಲಾದರೆ ಆಗುವುದಾದರೂ ಏನು? ಎರಡೂ ಒಂದೇ ಕಚ್ಚಾತೈಲದ ಮಕ್ಕಳಲ್ಲವೇ? ಹೌದು, ಗುಣ ಮಾತ್ರ ತದ್ವಿರುದ್ಧ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿದಾಗಷ್ಟೇ ಇಂಧನ ಹೊತ್ತಿಕೊಳ್ಳಬೇಕು, ಅದಕ್ಕೆ ಮುಂಚೆ ಎಷ್ಟು ಒತ್ತಿದರೂ ಸುಮ್ಮನಿರಬೇಕು. ಹಾಗೆ ಸುಮ್ಮನಿರುವ ತಾಳ್ಮೆಯ ಅಳತೆಯೇ ಆಕ್ಟೇನ್ ಸಂಖ್ಯೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನೊಳಕ್ಕೆ ಇಂಧನ ಚಿಮ್ಮಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಮೂಲ ಉಪಾಯ ಇದೇ. ಹೊತ್ತಿಕೊಳ್ಳದಿರುವುದು ಪೆಟ್ರೋಲಿಗೆ ಗುಣವಾದರೆ ಡೀಸೆಲ್ಲಿಗೆ ದೋಷ.

ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೆ ಕಾರು ಕೆಮ್ಮುತ್ತದೆ, ಹೊಗೆ ಕಾರುತ್ತದೆ, ನಿಲ್ಲುತ್ತದೆ. ಟ್ಯಾಂಕು ಬಸಿದು, ಸ್ಪಾರ್ಕ್ ಪ್ಲಗ್ಗು ಸ್ವಚ್ಛ ಮಾಡಿದರೆ ಹೆಚ್ಚಿನ ಸಲ ಸುಧಾರಿಸಿಕೊಳ್ಳುತ್ತದೆ. ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದದ್ದು ಬೇರೆಯೇ ಕತೆ. ಈಗಿನ ಡೀಸೆಲ್ ಕಾರುಗಳ ಪಂಪು ಇಂಧನವನ್ನು ವಾತಾವರಣದ ಒತ್ತಡದ ಎರಡು ಸಾವಿರ ಪಟ್ಟಿನವರೆಗೂ ಒತ್ತುತ್ತದೆ. ಆ ಪಂಪಿಗೆ ಬೇರೆ ಎಣ್ಣೆ ಹಾಕುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಅದರೊಳಗೆ ಹರಿಯುವ ಡೀಸೆಲ್ಲಿನ ಜಿಡ್ಡೇ ಅದಕ್ಕೆ ಆಧಾರ. ಪೆಟ್ರೋಲು ಆ ಜಿಡ್ಡನ್ನು ತೊಳೆದುಬಿಡುತ್ತದೆ. ಕೀಲೆಣ್ಣೆ ಕಾಣದ ಗಾಡಿಯ ಅಚ್ಚಿನಂತೆ ಲೋಹಕ್ಕೆ ಲೋಹ ಉಜ್ಜುತ್ತದೆ. ಉದುರಿದ ಪುಡಿ ಇಂಜೆಕ್ಟರುಗಳ ಕೂದಲೆಳೆಯಂಥ ರಂಧ್ರಗಳವರೆಗೂ ಹೋಗುತ್ತದೆ. ಆಮೇಲೆ ಪಂಪು, ಪೈಪು, ಇಂಜೆಕ್ಟರು ಎಲ್ಲ ಬದಲಿಸಬೇಕು, ಬಿಲ್ಲು ನಿಮ್ಮ ಕಾರ್ಡಿಗೆ.

ಇಲ್ಲೊಂದು ವಿಪರ್ಯಾಸವಿದೆ. ಪೆಟ್ರೋಲ್ ಪೈಪಿನ ಮೂತಿ ಸುಮಾರು 21 ಮಿಲಿಮೀಟರ್ ದಪ್ಪ, ಡೀಸೆಲ್ಲಿನದು 24–25. ಆದ್ದರಿಂದ ಡೀಸೆಲ್ಲಿನ ಮೂತಿ ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ನಮ್ಮ ಭಾವನನ್ನು ತಡೆದದ್ದು ಅದೇ. ಪೆಟ್ರೋಲಿನ ಸಣ್ಣ ಮೂತಿಯಾದರೋ ಡೀಸೆಲ್ ಕಾರಿನೊಳಗೆ ಸಲೀಸಾಗಿ ಇಳಿಯುತ್ತದೆ. ಸಣ್ಣ ನಷ್ಟಕ್ಕೆ ತಡೆಯಿದೆ, ದೊಡ್ಡ ನಷ್ಟಕ್ಕೆ ಬಾಗಿಲು ತೆರೆದಿದೆ. ಕೆಲವು ಕಂಪನಿಗಳು ಡೀಸೆಲ್ ಕಾರಿನ ಬಾಯಿಗೆ ಸಣ್ಣ ಮೂತಿ ತೂರದಂಥ ಕವಾಟ ಇಡುತ್ತವೆ, ಎಲ್ಲ ಕಾರಿನಲ್ಲೂ ಅದನ್ನು ನಿರೀಕ್ಷಿಸುವಂತಿಲ್ಲ. ಇನ್ನೊಂದು ಮಾತು: ಯೂರೋಪಿನಲ್ಲಿ ಸಣ್ಣ ಡೀಸೆಲ್ ಕಾರುಗಳು 2015ರ ಫೋಕ್ಸ್‌ವ್ಯಾಗನ್ ಹೊಗೆ ಹಗರಣದ ನಂತರ ಇಳಿಮುಖವಾಗಿವೆ, ಆದರೆ ಏಳು ಸೀಟು, ಒಂಬತ್ತು ಸೀಟಿನ ವ್ಯಾನುಗಳು ಇಂದಿಗೂ ಹೆಚ್ಚಾಗಿ ಡೀಸೆಲ್ಲೇ. ಅಜ್ಜ, ಅಜ್ಜಿ, ಚಿಕ್ಕಪ್ಪನ ಮಕ್ಕಳು, ಕುಕ್ಕರಿನ ಸಮೇತ ಹೊರಡುವ ನಮ್ಮ ದೊಡ್ಡ ಸಂಸಾರಗಳಿಗೆ ಸಿಗುವುದು ಅಂಥದ್ದೇ ವ್ಯಾನು. ಊರಿನಲ್ಲಿ ಪೆಟ್ರೋಲ್ ಕಾರು ಓಡಿಸುವವನ ಕೈ ಅಲ್ಲಿಯೂ ತಾನಾಗಿ ಪೆಟ್ರೋಲ್ ಪೈಪಿನ ಕಡೆಗೇ ಹೋಗುತ್ತದೆ.

ಹಾಗಾದರೆ ನಂಬುವುದು ಯಾವುದನ್ನು? ಪಂಪನ್ನಲ್ಲ, ಕಾರನ್ನು. ಕಾರು ಕೈಗೆ ಬಂದಾಗ, ಕಂಪನಿಯ ಅಂಗಳದಲ್ಲಿಯೇ, ಸೂಟ್‌ಕೇಸು ಇಡುವ ಮುಂಚೆ ಇಂಧನದ ಮುಚ್ಚಳ ತೆರೆದು ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ 2018ರ ಅಕ್ಟೋಬರ್ 12ರಿಂದ ಇದಕ್ಕೊಂದು ಸೊಗಸಾದ ಏರ್ಪಾಡು ಜಾರಿಗೆ ಬಂದಿದೆ. ಪೆಟ್ರೋಲಿಗೆ ವೃತ್ತ, ಅದರೊಳಗೆ ಇಂಗ್ಲಿಷಿನ ಇ ಅಕ್ಷರ. ಡೀಸೆಲ್ಲಿಗೆ ಚೌಕ, ಸಾಮಾನ್ಯವಾಗಿ ಅದರೊಳಗೆ ಬಿ ಅಕ್ಷರ. ಅನಿಲಗಳಿಗೆ, ಅಂದರೆ ಎಲ್‌ಪಿಜಿ, ಸಿಎನ್‌ಜಿ, ಹೈಡ್ರೋಜನ್ನಿಗೆ ವಜ್ರಾಕೃತಿ. ಹೊಸ ಕಾರುಗಳ ಮುಚ್ಚಳದ ಬಳಿ ಈ ಗುರುತು ಇರಲೇಬೇಕು, ಬಂಕಿನ ಪಂಪಿನ ಮೇಲೂ ಪೈಪಿನ ಹಿಡಿಯ ಮೇಲೂ ಇರಲೇಬೇಕು. ಬಾಡಿಗೆಗೆ ಕೊಡುವುದು ಹೊಸ ಕಾರುಗಳನ್ನೇ ಆದ್ದರಿಂದ ನಿಮ್ಮದರಲ್ಲಿ ಅದು ಇದ್ದೇ ಇರುತ್ತದೆ. ಯಾವ ಭಾಷೆಯೂ ಬೇಕಿಲ್ಲ, ಆಕಾರಕ್ಕೆ ಆಕಾರ ಕೂಡಿಸಿದರೆ ಆಯಿತು. ಸರ್ಕಾರಿ ಸಮಿತಿಗಳಿಂದ ಇಷ್ಟು ಸರಳವಾದ ಸಂಗತಿ ಹೊರಬರುವುದು ಅಪರೂಪ.

ಈ ಗುರುತು ಇಲ್ಲದ ದೇಶದಲ್ಲೂ ಮುಚ್ಚಳದ ಹಿಂದೆ ಇಂಧನದ ಹೆಸರು ಸಾಮಾನ್ಯವಾಗಿ ಇರುತ್ತದೆ. ಕಾರೊಳಗೆ ಕುಳಿತೂ ಒಂದು ಸುಳಿವು ಹಿಡಿಯಬಹುದು. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನಲ್ಲಿ ಕೆಂಪು ಗೆರೆ ನಾಲ್ಕೂವರೆ, ಐದು ಸಾವಿರದ ಹತ್ತಿರ ಶುರುವಾದರೆ ಅದು ಬಹುಮಟ್ಟಿಗೆ ಡೀಸೆಲ್. ಆರು ಸಾವಿರ ದಾಟಿದ್ದರೆ ಪೆಟ್ರೋಲ್. ಹಾಗೆಯೇ ಇಂಧನದ ಮೀಟರಿನ ಪಕ್ಕ ಸಣ್ಣ ಬಾಣವಿದೆಯೇ ನೋಡಿ, ಅದು ಮುಚ್ಚಳ ಯಾವ ಬದಿಯಲ್ಲಿದೆ ಎಂದು ತೋರಿಸುತ್ತದೆ. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬ ನೌಕರರು 1986ರಲ್ಲಿ ಸೂಚಿಸಿದ ಉಪಾಯ ಇದು. ಬಾಡಿಗೆ ಕಾರಿನವರು ಅವರಿಗೆ ಎಷ್ಟು ಕೃತಜ್ಞರಾಗಿದ್ದರೂ ಕಡಿಮೆಯೇ.

ವೃತ್ತದೊಳಗಿನ ಇ ಅಕ್ಷರದ ಪಕ್ಕ 5 ಅಥವಾ 10 ಎಂಬ ಅಂಕಿ ಕಾಣುತ್ತದೆ. ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟು ಪಾಲಿನವರೆಗೆ ಇರಬಹುದು ಎಂಬ ಲೆಕ್ಕ ಅದು. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ, ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಇ20. ಈಚಿನ ಬಾಡಿಗೆ ಕಾರಿಗೆ ಇ5, ಇ10 ಎರಡೂ ಆಗುತ್ತವೆ, ಚಿಂತೆ ಬೇಡ. ಎಚ್ಚರ ಬೇಕಾದ್ದು ಇ85ಕ್ಕೆ. ಫ್ರಾನ್ಸಿನಲ್ಲಿ, ಅಮೆರಿಕದಲ್ಲಿ ಅದು ಬೋರ್ಡಿನ ಮೇಲೆ ಎಲ್ಲಕ್ಕಿಂತ ಅಗ್ಗವಾಗಿ ಕಾಣುತ್ತದೆ. ಬಹುಪಾಲು ಎಥೆನಾಲೇ ಇರುವ ಆ ಇಂಧನ, ಅದಕ್ಕೆಂದೇ ಸಿದ್ಧಪಡಿಸಿದ ಕಾರುಗಳಿಗೆ ಮಾತ್ರ. ಅಗ್ಗದ ಇನ್ನೊಂದು ಆಮಿಷ, ಹೊಲದ ಟ್ರ್ಯಾಕ್ಟರುಗಳಿಗೆಂದು ಬಣ್ಣ ಬೆರೆಸಿ ಮಾರುವ ಡೀಸೆಲ್. ತೆರಿಗೆ ಕಡಿಮೆಯಾದ್ದರಿಂದ ಅದರ ಬೆಲೆಯೂ ಕಡಿಮೆ. ಕಾರಿಗೆ ಹಾಕಿ ರಸ್ತೆಗಿಳಿದರೆ ಅದು ಅಪರಾಧ.

ಆಕ್ಟೇನ್ ವಿಷಯದಲ್ಲಿ ನಮ್ಮವರು ದುಡ್ಡು ಕಳೆದುಕೊಳ್ಳುವುದು ಅಮೆರಿಕದಲ್ಲಿ. ಅಲ್ಲಿನ ಪಂಪಿನ ಮೇಲೆ 87, 89, 93 ಎಂದು ಬರೆದಿರುತ್ತದೆ. ನಮ್ಮಲ್ಲಿ 91, 95 ನೋಡಿ ರೂಢಿಯಾದವರು 87 ಕಳಪೆಯಿರಬೇಕು ಎಂದು 93ರ ಗುಂಡಿ ಒತ್ತುತ್ತಾರೆ. ಅಳತೆಯ ಕ್ರಮವೇ ಬೇರೆ, ಅಷ್ಟೇ. ಅಮೆರಿಕದವರು ಎರಡು ಬಗೆಯ ಪರೀಕ್ಷೆಗಳ ಸರಾಸರಿ ಬರೆಯುತ್ತಾರೆ, ನಾವೂ ಯೂರೋಪಿನವರೂ ಒಂದೇ ಪರೀಕ್ಷೆಯ ಅಂಕಿ ಬರೆಯುತ್ತೇವೆ. ಅವರ 87 ನಮ್ಮ 91ರ ಆಸುಪಾಸಿನದು. ಮುಚ್ಚಳದ ಮೇಲೆ ಪ್ರೀಮಿಯಂ ಬೇಕೇ ಬೇಕು ಎಂದು ಬರೆದಿರದಿದ್ದರೆ ಮಾಮೂಲಿ ರೆಗ್ಯುಲರ್ ಸಾಕು.

ಅಮೆರಿಕದ ಪಂಪಿನ ಇನ್ನೊಂದು ಕಾಟ ಜಿಪ್ ಕೋಡ್. ಕಾರ್ಡು ತೂರಿಸಿದರೆ ಅದು ಐದಂಕಿಯ ಪಿನ್ ಕೋಡ್ ಕೇಳುತ್ತದೆ, ನಮ್ಮ ಜಯನಗರದ ಆರಂಕಿ ಅದಕ್ಕೆ ರುಚಿಸುವುದಿಲ್ಲ. ಒಳಗೆ ಅಂಗಡಿಗೆ ಹೋಗಿ ಪಂಪಿನ ನಂಬರ್ ಹೇಳಿ, ಮುಂಗಡ ಕೊಟ್ಟು ಬರುವುದು ಸುಲಭದ ದಾರಿ. ಮಕ್ಕಳನ್ನು ನೋಡಲು ನ್ಯೂಜೆರ್ಸಿಗೆ ಹೋದ ತಂದೆತಾಯಿಯರಿಗೆ ಈ ತಾಪತ್ರಯವೇ ಇಲ್ಲ. ಆ ರಾಜ್ಯದಲ್ಲಿ ಗಿರಾಕಿ ತಾನೇ ಪೆಟ್ರೋಲ್ ಹಾಕಿಕೊಳ್ಳುವುದನ್ನು 1949ರ ಕಾನೂನು ನಿಷೇಧಿಸಿದೆ. ಬ್ರೆಜಿಲ್ ದೇಶವೂ 2000ನೇ ಇಸವಿಯಲ್ಲಿ ಇಂಥದ್ದೇ ಕಾನೂನು ಮಾಡಿತು. ಅಲ್ಲಿನ ಬಹುತೇಕ ಕಾರುಗಳು ಪೆಟ್ರೋಲ್, ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೂ ಕುಡಿಯುತ್ತವೆ. ಎಥೆನಾಲಿನ ಬೆಲೆ ಪೆಟ್ರೋಲಿನ ಶೇಕಡಾ 70ಕ್ಕಿಂತ ಕಡಿಮೆಯಿದ್ದರೆ ಅದು ಲಾಭ ಎಂಬುದು ಅಲ್ಲಿನವರ ಬಾಯಿಲೆಕ್ಕ.

ಡೀಸೆಲ್ ವ್ಯಾನು ಹಿಡಿದವರಿಗೆ ಮಾತ್ರ ಒಂದು ವಿಶೇಷ ಸೂಚನೆ. ಮುಚ್ಚಳ ತೆರೆದಾಗ ದೊಡ್ಡ ಬಾಯಿಯ ಪಕ್ಕದಲ್ಲೇ ನೀಲಿ ಬಿರಡೆಯ ಸಣ್ಣ ಬಾಯಿಯೊಂದು ಕಾಣಬಹುದು. ಅದು ಆಡ್‌ಬ್ಲೂ ಎಂಬ ದ್ರವಕ್ಕೆ. ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ, ಶೇಕಡಾ 32.5ರಷ್ಟು ಯೂರಿಯಾ ಕರಗಿಸಿದ ಶುದ್ಧ ನೀರು ಅದು. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಹರಳುಗಟ್ಟಿ, ಪೆಟ್ರೋಲ್ ಸುರಿದದ್ದಕ್ಕಿಂತಲೂ ಕೆಟ್ಟ ಅನಾಹುತ. ಆಡ್‌ಬ್ಲೂ ತೀರಿದೆ ಎಂದು ಕಾರು ಎಚ್ಚರಿಸಿದರೆ ಕಂಪನಿಗೆ ಫೋನ್ ಮಾಡಿ ಕೇಳಿ. ಪೂರ್ತಿ ಖಾಲಿಯಾದ ಮೇಲೆ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ.

ಇಷ್ಟೆಲ್ಲ ಆದರೂ ತಪ್ಪು ಇಂಧನ ಬಿದ್ದೇಬಿಟ್ಟಿತು ಎನ್ನಿ. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಟಾರ್ಟ್ ಇರಲಿ, ಕೀಲಿ ಅರ್ಧ ತಿರುಗಿಸಲೂ ಬೇಡಿ, ಗುಂಡಿ ಒತ್ತಲೂ ಬೇಡಿ. ಎಷ್ಟೋ ಕಾರುಗಳಲ್ಲಿ ಅಷ್ಟಕ್ಕೇ ಟ್ಯಾಂಕಿನ ಪಂಪು ಇಂಧನವನ್ನು ಮುಂದಕ್ಕೆ ದೂಡಿಬಿಡುತ್ತದೆ. "ಐದೇ ಲೀಟರ್ ಬಿದ್ದಿರೋದು, ಮೇಲೆ ಸರಿಯಾದ್ದನ್ನ ತುಂಬಿಸಿದ್ರೆ ತೆಳುವಾಗತ್ತೆ" ಎಂದು ಹೇಳುವ ಬಂಧು ಪ್ರತಿ ಕಾರಿನಲ್ಲೂ ಒಬ್ಬರಿರುತ್ತಾರೆ, ಕೇಳಬೇಡಿ. ಬಂಕಿನ ಅಂಗಡಿಯವರಿಗೆ ತಿಳಿಸಿ, ನ್ಯೂಟ್ರಲ್‌ಗೆ ಹಾಕಿ ಬದಿಗೆ ತಳ್ಳಿ. ನ್ಯೂಟ್ರಲ್‌ಗೆ ಬೀಳದಿದ್ದರೆ ಕಾರು ಅಲ್ಲೇ ಇರಲಿ. ಆಮೇಲೆ ಬಾಡಿಗೆ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿ. ನಿಮಗೆ ನೀವೇ ಮೆಕ್ಯಾನಿಕ್ ಕರೆಸಿದರೆ ಕರಾರು ಮುರಿದಂತಾಗಬಹುದು. ಎಂಜಿನ್ ತಿರುಗದೆ ಇದ್ದರೆ ಸಾಮಾನ್ಯವಾಗಿ ಟ್ಯಾಂಕು ಬಸಿದು ತೊಳೆಯುವ ಖರ್ಚಿಗೆ ಮುಗಿಯುತ್ತದೆ.

ಕಾರು ಹಿಂದಿರುಗಿಸುವ ದಿನದ ಮಾತಿಷ್ಟು. ತುಂಬಿದ ಟ್ಯಾಂಕು ಪಡೆದು ತುಂಬಿದ ಟ್ಯಾಂಕು ಹಿಂದಿರುಗಿಸುವ ಕರಾರನ್ನೇ ಆರಿಸಿಕೊಳ್ಳಿ. ಮುಂಗಡವಾಗಿ ಇಡೀ ಟ್ಯಾಂಕಿನ ಹಣ ಕಟ್ಟಿ, ಖಾಲಿ ಮಾಡಿ ತನ್ನಿ ಎನ್ನುವ ಕರಾರಿನಲ್ಲಿ ಉಳಿದ ಇಂಧನಕ್ಕೆ ಸಾಮಾನ್ಯವಾಗಿ ಒಂದು ಕಾಸೂ ವಾಪಸು ಬರುವುದಿಲ್ಲ. ವಿಮಾನ ನಿಲ್ದಾಣದ ಬಾಗಿಲಿನ ಬಂಕು ದುಬಾರಿ ಇರುತ್ತದೆ, ಕೆಲವು ಕಿಲೋಮೀಟರ್ ಮುಂಚೆಯೇ ತುಂಬಿಸಿ. ಜನರಿಲ್ಲದ ಪಂಪಿಗೆ ನಾಲ್ಕಂಕಿಯ ಪಿನ್ ಇರುವ ಕಾರ್ಡು ಬೇಕು, ಊರು ಬಿಡುವ ಮುಂಚೆಯೇ ಬ್ಯಾಂಕಿನ ಆ್ಯಪಿನಲ್ಲಿ ವಿದೇಶಿ ಬಳಕೆಯನ್ನು ತೆರೆದಿಟ್ಟಿರಬೇಕು. ಪಂಪು ಮೊದಲು ದೊಡ್ಡ ಮೊತ್ತವೊಂದನ್ನು ತಡೆಹಿಡಿದು ಆಮೇಲೆ ನಿಜವಾದ ಲೆಕ್ಕ ಕಳಿಸುತ್ತದೆ, ಮೊಬೈಲಿಗೆ ಬಂದ ಮೆಸೇಜು ನೋಡಿ ಗಾಬರಿಯಾಗಬೇಡಿ. ಕೀಲಿ ಒಪ್ಪಿಸುವ ಮುನ್ನ ಇಂಧನದ ಮೀಟರಿನದು ಒಂದು ಫೋಟೊ ತೆಗೆಯಿರಿ. ಬಂಕಿನ ರಸೀದಿಯನ್ನು ಮಾತ್ರ, ಠೇವಣಿ ಪೂರ್ತಿ ಕೈಗೆ ಬರುವವರೆಗೂ ಬಿಸಾಡಬೇಡಿ. ಟ್ಯಾಂಕು ತುಂಬಿಸಿದ್ದೀರಿ ಎಂಬುದಕ್ಕೂ ಯಾವ ಇಂಧನ ತುಂಬಿಸಿದ್ದೀರಿ ಎಂಬುದಕ್ಕೂ ನಿಮ್ಮ ಬಳಿ ಇರುವ ಸಾಕ್ಷಿ ಆ ಚೀಟಿಯೊಂದೇ.